ನೀರ್ ದೋಸೆ ಹೊಯ್ಯಲಿಕ್ಕೆ ಮಕ್ಕಳನ್ನೇ ನಿಲ್ಲಿಸಿ

ನೀರ್ ದೋಸೆಯ ಹಿಟ್ಟನ್ನು ಸೌಟಿನ ತಳದಿಂದ ತಿಕ್ಕಿ ತಿಕ್ಕಿ ಹರಡುವವರನ್ನು ಕಂಡರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಮೊನ್ನೆ ನೆಂಟರ ಮನೆಯಲ್ಲಿ ಹಾಗೇ ಆಯಿತು. ಹೊಸದಾಗಿ ಮದುವೆಯಾದ ಹುಡುಗಿ, ಕಲಿತವಳು, ಚುರುಕು. ನಾನ್‌ಸ್ಟಿಕ್ ತವಾಕ್ಕೆ ಹಿಟ್ಟು ಹೊಯ್ದು, ಸೌಟು ತಿರುಗಿಸಿ, ಮೇಲಿಂದ ಕವುಚಿ ಬೇರೆ ಹಾಕಿದಳು. ನೀರ್ ದೋಸೆಯನ್ನು ಕವುಚಿ ಹಾಕುವುದುಂಟಾ? ಬೆಂದದ್ದನ್ನು ಬಿಸಿಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿ ಹಾಟ್‌ಬಾಕ್ಸಿನಲ್ಲಿ ಮುಚ್ಚಿಟ್ಟಳು. ತಿನ್ನಲಿಕ್ಕೆ ಕೂತಾಗ ಬಿಡಿಸಲು ಬಾರದ ಒಂದು ಮುದ್ದೆ. ಅವಳ ತಪ್ಪೆಂದು ಹೇಳುವುದಿಲ್ಲ, ಕಲಿಸಬೇಕಾದವರು ಕಲಿಸಲಿಲ್ಲ. ನಮ್ಮ ಮೊಮ್ಮಕ್ಕಳಿಬ್ಬರೂ ಅವಳಿಗಿಂತ ಚೆನ್ನಾಗಿ ಹೊಯ್ಯುತ್ತಾರೆ. ಕೊರೋನಾ ಕಾಲದಲ್ಲಿ, ಹದಿನೈದು ಹದಿನಾರರ ವಯಸ್ಸಿನಲ್ಲಿ ಕಲಿತದ್ದು.

2020ರ ಮಾರ್ಚ್‌ನಲ್ಲಿ ಎಲ್ಲ ಬಾಗಿಲು ಮುಚ್ಚುವ ಮೊದಲೇ ಮಗ, ಸೊಸೆ, ಮಕ್ಕಳು ಮಂಗಳೂರಿನ ಫ್ಲ್ಯಾಟ್ ಬಿಟ್ಟು ಉಡುಪಿಗೆ ನಮ್ಮಲ್ಲಿಗೆ ಬಂದಿದ್ದರು. ಮೊಮ್ಮಗಳಿಗೆ ಆಗ ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಜೂನ್ 25ಕ್ಕೆ ನಿಂತಿತು. ಅಷ್ಟು ದಿನ ಆ ಮಗು ಪುಸ್ತಕ ಹಿಡಿದರೆ ತಲೆಗೆ ಹೋಗದು, ಇಟ್ಟರೆ ಹೆದರಿಕೆ. ಮರುವರ್ಷ ತಮ್ಮನ ಸರದಿ. ಪರೀಕ್ಷೆ ಉಂಟೋ ಇಲ್ಲವೋ ಎಂದು ಕಾಯಿಸಿ ಕಾಯಿಸಿ, ಕೊನೆಗೆ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಗುರುತು ಹಾಕುವ ಪರೀಕ್ಷೆ ಮಾಡಿ ಮುಗಿಸಿದರು. ಇಂಥ ಕಾಯುವಿಕೆಯಲ್ಲಿ ಮಕ್ಕಳ ಕೈಗೆ ಒಂದು ಕೆಲಸ ಬೇಕು. ಅರ್ಧಂಬರ್ಧ ಸಹಾಯವಲ್ಲ, ಹಿಟ್ಟಿನಿಂದ ಕಾವಲಿ ತೊಳೆಯುವವರೆಗೆ ಪೂರ್ತಿ ಅವರದೇ ಆದ ಕೆಲಸ. "ಪಾಪ, ಓದಲಿ" ಎಂದು ತಟ್ಟೆ ಕೋಣೆಗೇ ಕೊಂಡುಹೋಗಿ ಕೊಟ್ಟ ತಾಯಂದಿರನ್ನು ನೋಡಿದ್ದೇನೆ. ಓದಿದ್ದೂ ಅಷ್ಟಕ್ಕಷ್ಟೇ, ತಟ್ಟೆ ತೊಳೆಯಲಿಕ್ಕೂ ಕಲಿಯಲಿಲ್ಲ.

ನಮ್ಮಲ್ಲಿ ವಾರ ಹೀಗೆ ಹೋಗುತ್ತಿತ್ತು. ಭಾನುವಾರ ಸಂಜೆ ಉದ್ದು, ಅಕ್ಕಿ ಕಡೆದಿಟ್ಟರೆ (ರುಬ್ಬಿಟ್ಟರೆ) ಸೋಮವಾರ ಇಡ್ಲಿ, ಮಂಗಳವಾರ ಅದೇ ಹಿಟ್ಟಿನ ದೋಸೆ, ಬುಧವಾರ ಹುಳಿ ಬಂದ ಹಿಟ್ಟಿಗೆ ನೀರುಳ್ಳಿ, ಹಸಿಮೆಣಸು. ಶುಕ್ರವಾರ ಕುಚ್ಚಲಕ್ಕಿ ಗಂಜಿ, ಚಟ್ನಿ. ಗಂಜಿ ಬೇಡ ಎಂದವರಿಗೆ ಬೇರೆ ಮಾಡಿಕೊಡಬೇಡಿ, ಹಸಿದಾಗ ಬರುತ್ತಾರೆ. ಗುರುವಾರ ಮತ್ತು ಶನಿವಾರ ನೀರ್ ದೋಸೆ, ಅದು ಮಕ್ಕಳ ಪಾಲಿನದು. ಅದನ್ನೇ ಯಾಕೆ ಆರಿಸಿದೆನೆಂದರೆ ಅಂಗಡಿಯಿಂದ ಏನೂ ತರಬೇಕಾಗಿಲ್ಲ. ಎರಡನೇ ವರ್ಷ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಮಗ ಚೀಲ ಹಿಡಿದು ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸೇ ಶುರುವಾಗುತ್ತಿತ್ತು. ಅಕ್ಕಿ, ನೀರು, ಉಪ್ಪು ಯಾವ ಮನೆಯಲ್ಲಿಲ್ಲ? ಮತ್ತೊಂದು ಕಾರಣ, ನೀರ್ ದೋಸೆ ಹೊಯ್ಯುವವರು ಒಲೆ ಬಿಟ್ಟು ಕದಲುವ ಹಾಗಿಲ್ಲ. ಕೈ ಒದ್ದೆ, ಕಣ್ಣು ಕಾವಲಿಯ ಮೇಲೆ. ಅಷ್ಟು ಹೊತ್ತಾದರೂ ಮೊಬೈಲು ಕೆಳಗಿರುತ್ತದೆ.

ಮೊದಲು ಕಾವಲಿಯ ವಿಷಯ. ನೀರ್ ದೋಸೆಗೆ ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿಯೇ ಬೇಕು, ದಪ್ಪದ್ದು. ತೆಳು ಹಿಟ್ಟು ಕಾದ ದಪ್ಪ ಕಬ್ಬಿಣಕ್ಕೆ ಬಿದ್ದ ಕೂಡಲೇ ನೀರು ಆವಿಯಾಗಿ ಮೇಲಕ್ಕೆ ನುಗ್ಗುತ್ತದೆ, ದೋಸೆಗೆ ತೂತು ಬೀಳುವುದು ಹಾಗೆ. ತೆಳು ತವಾ ಹಿಟ್ಟು ಬಿದ್ದೊಡನೆ ತಣಿಯುತ್ತದೆ, ಮತ್ತೆ ತೂತು ಎಲ್ಲಿಂದ? ನಾನ್‌ಸ್ಟಿಕ್ಕನ್ನು ಬರಿದಾಗಿ ಅಷ್ಟು ಕಾಯಿಸಲೂ ಬಾರದು, ಅದರ ಲೇಪ ಹಾಳಾಗುತ್ತದೆ. ನಮ್ಮ ಕಾವಲಿ ಅತ್ತೆಯವರು ಜಾತ್ರೆಯ ಸಂತೆಯಲ್ಲಿ ಕೊಂಡದ್ದು. ಅದರಲ್ಲಿ ಚಪಾತಿ ಕಾಯಿಸಲು ಅವರು ಯಾರನ್ನೂ ಬಿಡುತ್ತಿರಲಿಲ್ಲ, ನಾನೂ ಬಿಡುವುದಿಲ್ಲ. ಒಣ ಹಿಟ್ಟು ಕರಕಲಾಗಿ ಕಾವಲಿಗೆ ಹಿಡಿದರೆ ಮರುದಿನ ದೋಸೆ ಏಳುವುದಿಲ್ಲ. ಆ 2020ರ ಏಪ್ರಿಲ್‌ನಲ್ಲಿ ಮಕ್ಕಳು ಮೊಬೈಲು ನೋಡಿ ಡಾಲ್ಗೊನಾ ಕಾಫಿ ಎಂದು ಸಕ್ಕರೆ ಡಬ್ಬಿ ಖಾಲಿ ಮಾಡಿದ್ದನ್ನು ಸಹಿಸಿದ್ದೆ. ಆದರೆ ರಾತ್ರಿ ಹನ್ನೊಂದಕ್ಕೆ ಇದೇ ಕಾವಲಿಯಲ್ಲಿ ಬ್ರೆಡ್ಡು, ಚೀಸು ಸುಟ್ಟು, ಬೆಳಿಗ್ಗೆ ಸ್ಟೀಲಿನ ನಾರಿನಿಂದ ಬೆಳ್ಳಗೆ ಉಜ್ಜಿಟ್ಟದ್ದನ್ನು ಸಹಿಸಲಾಗಲಿಲ್ಲ. ತಲೆಮಾರಿನ ಎಣ್ಣೆ ಕುಡಿದು ಪಳಗಿದ ಕಾವಲಿ ಒಂದೇ ಬೆಳಗಿಗೆ ಬೋಳು. ಬೈದೆ. ಆಮೇಲೆ ಇಬ್ಬರನ್ನೂ ಕೂರಿಸಿ ಅವರ ಕೈಯಿಂದಲೇ ಅದನ್ನು ಪಳಗಿಸಿದೆ.

ಇದನ್ನು ಸರಿಯಾಗಿ ಓದಿಕೊಳ್ಳಿ, ಹೊಸ ಕಾವಲಿಗೂ ಇದೇ ಕ್ರಮ. ಕುಚ್ಚಲಕ್ಕಿ ಬಸಿದ ಗಂಜಿ ತಿಳಿಯನ್ನು ಚೆಲ್ಲದೆ ಒಂದು ಅಗಲ ಪಾತ್ರೆಗೆ ಹೊಯ್ದು ಕಾವಲಿಯನ್ನು ಅದರಲ್ಲಿ ಮುಳುಗಿಸಿಡಿ. ದಿನಾ ಹಳೆಯ ತಿಳಿ ಚೆಲ್ಲಿ ಹೊಸತು ಹಾಕಿ. ತಿಳಿ ಹುಳಿ ಬರಬೇಕು, ಆ ಹುಳಿಯೇ ತುಕ್ಕನ್ನು ಬಿಡಿಸುವುದು. ಕಪ್ಪು ನೀರು ಬರುವುದು ನಿಂತ ಮೇಲೆ ತೆಂಗಿನ ನಾರಿನಿಂದ ಮೆತ್ತಗೆ ಉಜ್ಜಿ, ಸೋಪು ಬೇಡ. ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿ. ಎಳ್ಳೆಣ್ಣೆಯೋ ತೆಂಗಿನೆಣ್ಣೆಯೋ, ಬಟ್ಟೆಗೆ ತಾಗಿಸಿ ಕಾವಲಿ ಮಿರುಗುವಷ್ಟು ಮಾತ್ರ ಒರೆಸಿ. ಎಣ್ಣೆ ನಿಂತರೆ ಅಂಟಾಗುತ್ತದೆ. ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಒರೆಸಿ, ಮತ್ತೆ ಕಾಯಿಸಿ. ಬೇಸರ ಬಂದ ಮೇಲೂ ಇನ್ನೊಂದು ಸಲ. ಕೊನೆಗೆ ನೀರುಳ್ಳಿ ಸಣ್ಣಗೆ ಕೊಚ್ಚಿ ಎಣ್ಣೆಯಲ್ಲಿ ಕಪ್ಪಾಗುವಷ್ಟು ಹುರಿದು, ಅಂಚಿನವರೆಗೂ ಉಜ್ಜಿ, ಎಸೆದುಬಿಡಿ. ಮೊದಲೆರಡು ದಿನ ಅದರಲ್ಲಿ ಉದ್ದಿನ ದೋಸೆಯನ್ನೇ ಹೊಯ್ಯಿರಿ. ಅದು ಸಲೀಸಾಗಿ ಎದ್ದು ಬಂದ ಮೇಲೆಯೇ ನೀರ್ ದೋಸೆ. ಮೊಮ್ಮಗ ಕ್ಲಾಸಿನ ನಡುವಿನ ಬಿಡುವಿನಲ್ಲಿ ಓಡಿ ಬಂದು ಗಂಜಿ ತಿಳಿ ಬದಲಿಸುತ್ತಿದ್ದ. ಆಮೇಲೆ ಆ ಕಾವಲಿಯಲ್ಲಿ ಬ್ರೆಡ್ಡು ಇಡಲು ಬಂದ ಅಪ್ಪನನ್ನೇ ಅವನು ತಡೆದು ನಿಲ್ಲಿಸಿದ.

ಅಕ್ಕಿ ಬೆಳ್ತಿಗೆಯದ್ದು, ಅಂದರೆ ಕುಚ್ಚದ ಬಿಳಿ ಅಕ್ಕಿ, ತಲೆಗೆ ಎರಡು ಹಿಡಿ, ಬೆಳೆಯುವ ಹುಡುಗರಿದ್ದರೆ ಮೂರು. ರಾತ್ರಿ ನೆನೆಹಾಕಿ. ಕಡೆಯುವಾಗ ನೀರು ಸ್ವಲ್ಪವೇ ಹಾಕಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗಾಗಲಿ. ಆತುರಗಾರರು ತಪ್ಪುವುದು ಇಲ್ಲೇ. ಮೊದಲೇ ಚೊಂಬು ನೀರು ಸುರಿದರೆ ಮಿಕ್ಸಿಯಲ್ಲಿ ಅಕ್ಕಿ ಈಜುತ್ತದೆ, ನುಣ್ಣಗಾಗುವುದಿಲ್ಲ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದು ಕರೆಂಟು ಹೋದಾಗ ನೆನೆದ ಅಕ್ಕಿ ಹಾಗೇ ಕೂತಿತ್ತು. ಹಿತ್ತಿಲ ಜಗಲಿಯ ಕಡೆಯುವ ಕಲ್ಲು ತೊಳೆದು ಮೊಮ್ಮಗನನ್ನು ಕೂರಿಸಿದೆ. ಅವನು ತಿರುಗಿಸಿದ, ಅಕ್ಕ ಅಕ್ಕಿ ತಳ್ಳಿದಳು. ನೆಟ್‌ವರ್ಕೂ ಇಲ್ಲ, ಕ್ಲಾಸೂ ಇಲ್ಲ, ಹೊರಗೆ ತೆಂಗಿನ ಮರಗಳು ಬಾಗಿ ಬಾಗಿ ಏಳುತ್ತಿದ್ದವು. ಆ ದಿನದ ದೋಸೆಯ ಮೆದು ಮಿಕ್ಸಿಯ ಹಿಟ್ಟಿಗೆ ಬರಲೇ ಇಲ್ಲ ಎಂದು ಅವರೇ ಹೇಳುತ್ತಾರೆ.

ಕಡೆದ ಗಟ್ಟಿ ಹಿಟ್ಟಿನಲ್ಲಿ ಒಂದು ಸೌಟು ಬೇರೆ ತೆಗೆದಿಡಿ, ಮರೆಯಬೇಡಿ. ಉಳಿದದ್ದಕ್ಕೆ ಉಪ್ಪು ಹಾಕಿ, ನೀರು ಮಜ್ಜಿಗೆಯ ಹಾಗೆ ಆಗುವವರೆಗೆ ನೀರು ಹಾಕುತ್ತಾ ಹೋಗಿ. ದೋಸೆ ಎತ್ತುವಾಗ ಹರಿಯುತ್ತದೆಯೇ? ನೀರು ಹೆಚ್ಚಾಯಿತು, ತೆಗೆದಿಟ್ಟ ಗಟ್ಟಿ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಕದಡಿ. "ತೂತೇ ಬರುದಿಲ್ಲ ಅಜ್ಜೀ, ಎಂತ ಮಾಡುದು?" ಎಂದು ಮೊಮ್ಮಗಳು ಕೇಳುತ್ತಿದ್ದಳು. ಒಂದೋ ಹಿಟ್ಟು ದಪ್ಪವಾಗಿದೆ, ಇಲ್ಲವಾದರೆ ಕಾವಲಿ ಕಾಯಲಿಲ್ಲ, ಮೂರನೆಯ ಕಾರಣವಿಲ್ಲ. ನೀರು ಚಿಮುಕಿಸಿದರೆ ಹನಿ ಓಡಾಡಿ ಆರಬೇಕು. ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿ. ಪ್ರತಿ ಸಲವೂ ಪಾತ್ರೆಯ ತಳದಿಂದ ಕಲಕಿಯೇ ಹಿಟ್ಟು ಎತ್ತಿ, ಅಕ್ಕಿ ಬೇಗ ಅಡಿಗೆ ಕೂರುತ್ತದೆ. ಕಲಕದವರಿಗೆ ಮೊದಲ ದೋಸೆ ನೀರು, ಕೊನೆಯದು ರೊಟ್ಟಿ. ಅಂಚಿನಿಂದ ನಡುವಿಗೆ, ಸ್ವಲ್ಪ ಎತ್ತರದಿಂದ, ಬೀಸಿ ಹೊಯ್ಯಿರಿ. ಸೌಟು ಕಾವಲಿಗೆ ತಾಗಲೇಬಾರದು. ಖಾಲಿ ಬಿಟ್ಟ ಜಾಗಕ್ಕೆ ಎರಡು ಹನಿ ಹಾಕಿದರೆ ಸಾಕು. ಮುಚ್ಚಿ. ಅಂಚು ತಾನಾಗಿ ಏಳುತ್ತದೆ, ಮಡಚಿ ತೆಗೆಯಿರಿ. ಅಡಿ ಕೆಂಪಾದರೆ ಅದು ನೀರ್ ದೋಸೆಯಲ್ಲ. ಗೆರಸೆಯ ಮೇಲೆ ಬಾಳೆಲೆ ಹಾಸಿ ಒಂದಕ್ಕೊಂದು ತಾಗದಂತೆ ಹರಡಿ, ಆವಿ ಹೋದ ಮೇಲೆ ಪೇರಿಸಿ. ಕಾವಲಿ ಮತ್ತೆ ಕಾಯುವಷ್ಟು ಪುರುಸೊತ್ತು ಕೊಟ್ಟು ಮುಂದಿನದು ಹೊಯ್ಯಿರಿ.

ಜತೆಗೆ ತೆಂಗಿನ ತುರಿ, ಬೆಲ್ಲ ಕಲಸಿದರೆ ಮಕ್ಕಳಿಗೆ ಸಾಕು. ಬಂಗುಡೆ ಸಾರು ಇದ್ದರೆ ಕೇಳುವುದೇ ಬೇಡ, ಆದರೆ ಆಗ ಮೀನಿನ ಬೋಟುಗಳು ನಿಲ್ಲುವ ದಕ್ಕೆಯೇ ಮುಚ್ಚಿತ್ತು. ಮಳೆಗಾಲದಲ್ಲಿ ಹೇಗೂ ದೊಡ್ಡ ಬೋಟುಗಳು ಕಡಲಿಗಿಳಿಯುವುದಿಲ್ಲ. ಒಣಸಿಗಡಿ ಚಟ್ನಿ, ಇಲ್ಲವಾದರೆ ಸೌತೆಕಾಯಿ, ಹಲಸಿನ ಬೀಜ ಹಾಕಿದ ಸಾಂಬಾರಿನಲ್ಲಿ ಸುಧಾರಿಸಿದೆವು.

ಮಳೆಗಾಲ ಎಂದಾಗ ಇನ್ನೊಂದು ಹೇಳಿಬಿಡುತ್ತೇನೆ. ಈ ವಯಸ್ಸಿನ ಮಕ್ಕಳು ಬೆವರಿದ ಟೀಶರ್ಟನ್ನು ಬಕೆಟಿನಲ್ಲಿ ಮುದುಡಿ ಹಾಕಿ ಎರಡು ದಿನ ಬಿಡುತ್ತಾರೆ. ನಮ್ಮ ಊರಿನ ಜೂನ್ ತಿಂಗಳಲ್ಲಿ ಹಾಗೆ ಬಿಟ್ಟರೆ ಕರಿಚುಕ್ಕೆ ಬೀಳುತ್ತದೆ, ಮತ್ತೆ ಯಾವ ಸೋಪಿಗೂ ಹೋಗುವುದಿಲ್ಲ. ಬಿಚ್ಚಿದ ಕೂಡಲೇ ಹಗ್ಗಕ್ಕೆ ಹರವಿಸಿ, ಒಗೆಯುವುದು ಆಮೇಲೆ. ಬಟ್ಟೆ ಮಾಸ್ಕು ದಿನಾ ಬಿಸಿನೀರು ಸೋಪಿನಲ್ಲಿ ಅವರೇ ತೊಳೆಯುತ್ತಿದ್ದರು. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ರಾತ್ರಿಯೊಳಗೆ ಒಣಗುತ್ತಿತ್ತು.

ದೋಸೆ ಮುಗಿದ ಮೇಲೆ ಕಾವಲಿಗೆ ತಣ್ಣೀರು ಸುರಿಯಬೇಡಿ, ಬಿಸಿ ಬೀಡು ಸೀಳುತ್ತದೆ. ಆರಿದ ಮೇಲೆ ಒರೆಸಿ, ಎಣ್ಣೆ ಸವರಿ, ಕಾಗದ ಸುತ್ತಿ ಒಣ ಜಾಗದಲ್ಲಿಡಿ. ಹಿಟ್ಟು ಉಳಿದರೆ ಚೆಲ್ಲಬೇಡಿ. ಮರುದಿನ ಮೇಲೆ ನಿಂತ ನೀರನ್ನು ಬಗ್ಗಿಸಿ, ಅಡಿಯ ಗಟ್ಟಿ ಹಿಟ್ಟಿಗೆ ಸೌತೆಕಾಯಿ ತುರಿ, ಕಾಯಿತುರಿ, ಹಸಿಮೆಣಸು ಹಾಕಿ ದಪ್ಪಕ್ಕೆ ಹೊಯ್ಯಿರಿ. ಇದನ್ನು ಮಾತ್ರ ಕವುಚಿ ಹಾಕಬಹುದು, ಎರಡೂ ಬದಿ ಕೆಂಪಾಗಲಿ.