ಹನ್ನೊಂದು ತಿಂಗಳ ಕರಾರಿನಲ್ಲಿ ಸೋಲಾರ್ ಗಿಟ್ಟುವುದಿಲ್ಲ

ಹಾಸನದ ಬಿ.ಎಂ. ರಸ್ತೆ ಬದಿಯ ಮೂರಂತಸ್ತಿನ ಮಳಿಗೆ ಕಟ್ಟಡ. ಒಟ್ಟು 9,000 ಚದರಡಿ, ತಾರಸಿ 3,000. ಹನ್ನೊಂದು ಮಳಿಗೆಗೆ ಹನ್ನೊಂದು ಮೀಟರು. ಲಿಫ್ಟು, ಪಂಪು, ಮೆಟ್ಟಿಲ ದೀಪಕ್ಕೆ ಮಾಲೀಕರು ಬಿಲ್ಲು ಕಟ್ಟುವ ಹನ್ನೆರಡನೆಯದು. ಸೋಲಾರಿಗೆ ಕೊಟೇಶನ್ ತರಿಸುವ ಮೊದಲು ಈ ಮೀಟರ್ ಬೋರ್ಡಿನ ಮುಂದೆ ನಿಂತು ಯಾವ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂದು ಬರೆದುಕೊಳ್ಳಬೇಕು. ಖರ್ಚು ಮಾಲೀಕರದ್ದು, ಉಳಿತಾಯ ಬಿಲ್ಲು ಕಟ್ಟುವವರದ್ದು. ಹೆಚ್ಚಿನ ಲೆಕ್ಕಗಳು ಕೆಡುವುದು ಇಲ್ಲೇ.

ನಾವು ಹನ್ನೆರಡನೆಯ ಮೀಟರಿನಿಂದ ಶುರುಮಾಡಿದೆವು. ಅದರಲ್ಲಿ ದಿನಕ್ಕೆ ಸುಮಾರು 30 ಯೂನಿಟ್ ಓಡುತ್ತಿತ್ತು: ಹಳೇ ಚೋಕಿನ 24 ಟ್ಯೂಬ್‌ಲೈಟು ಹನ್ನೆರಡು ಗಂಟೆ ಉರಿದರೆ 15, ಮೂರು ಎಚ್.ಪಿ. ಪಂಪು ಮೂರು ಗಂಟೆಗೆ 6.6, ಲಿಫ್ಟಿಗೆ 8. ಚೋಕು ಸೇರಿ 52 ವ್ಯಾಟ್ ತಿನ್ನುತ್ತಿದ್ದ ಟ್ಯೂಬಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಹಾಕಲು ತಗಲಿದ್ದು 6,000 ರೂಪಾಯಿ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಮೂರು ತಿಂಗಳಲ್ಲಿ ಅಸಲು ವಾಪಸ್.

ಪಂಪು ಅಷ್ಟು ಹೊತ್ತು ಓಡಲು ಕಾರಣ ಶೌಚಾಲಯ. ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿ ನಾಲ್ಕು ಹನಿ ಬಿಟ್ಟು ಯಾರೂ ಫ್ಲಶ್ ಮಾಡದಂತೆ ಕಾಲು ಗಂಟೆ ಬಾಗಿಲು ಹಾಕಿಡಿ. ಕಮೋಡಿನಲ್ಲಿ ನೀಲಿ ಎಳೆ ಇಳಿದಿದ್ದರೆ ಹೆಚ್ಚಾಗಿ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಸದ್ದಿಲ್ಲದೆ ಸೋರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ವಾಷರ್ ಬದಲಿಸಿ, ಮೇಲಿನ ಟ್ಯಾಂಕಿಗೆ ಆಟೋಮ್ಯಾಟಿಕ್ ಸ್ವಿಚ್ ಕೂರಿಸಿದ ಮೇಲೆ ಪಂಪಿಗೆ ಎರಡು ಗಂಟೆ ಸಾಕಾಯಿತು. 30 ಇದ್ದದ್ದು 18 ಯೂನಿಟ್ಟಿಗೆ ಇಳಿಯಿತು.

ಸೋಲಾರ್ ಅಳತೆ ಆಮೇಲಿನ ಮಾತು. ಮಾರುವವರು ಕಿಲೋವ್ಯಾಟಿಗೆ ದಿನಕ್ಕೆ 5 ಯೂನಿಟ್ ಎನ್ನುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗಿನ ನಮ್ಮ ಮೋಡ ನೋಡಿದವರು ವರ್ಷದ ಸರಾಸರಿ 3.8 ಹಿಡಿದರೆ ಕ್ಷೇಮ. ಮೊದಲಿನ ಬಳಕೆಗೆ 8 ಕಿಲೋವ್ಯಾಟ್ ಬೇಕಿತ್ತು, ಈಗ 5 ಸಾಕು. ಕಿಲೋವ್ಯಾಟಿಗೆ 55,000ದಂತೆ ಉಳಿದದ್ದು 1.65 ಲಕ್ಷ. ಹಾಕಿದ 2.75 ಲಕ್ಷ ಹುಟ್ಟಲು ಸುಮಾರು ಆರು ವರ್ಷ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಮಳಿಗೆಗಳಿಗಿಲ್ಲ. ಬಿಲ್ಲಿನಲ್ಲಿರುವ ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುವುದರಿಂದ ಪ್ಯಾನೆಲ್ ಹಾಕಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಲೋಡ್ ಹೆಚ್ಚಿದ್ದರೆ ಇಳಿಸಲು ಇಲ್ಲಿನ ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ ಬೇರೆಯೇ ಅರ್ಜಿ ಹಾಕಬೇಕು.

ಇನ್ನೊಂದು ಮಾತನ್ನು ಬಾಡಿಗೆದಾರರಿಗೆ ಮೊದಲೇ ಹೇಳಿಬಿಡಿ: ಕರೆಂಟು ಹೋದರೆ, ಬ್ಯಾಟರಿಯಿಲ್ಲದೆ ಲೈನಿಗೇ ಜೋಡಿಸಿದ ಆನ್‌ಗ್ರಿಡ್ ಸೋಲಾರೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ತಗಲದಿರಲೆಂದು ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಇದು ಗೊತ್ತಿಲ್ಲದವರು ಮಳೆಗಾಲದ ಮೊದಲ ಪವರ್ ಕಟ್ಟಿಗೇ ಜಗಳಕ್ಕೆ ಬರುತ್ತಾರೆ. ಜನರೇಟರು ಇರಲೇಬೇಕು.

ಈಗ ಮಳಿಗೆಗಳ ಹನ್ನೊಂದು ಮೀಟರು. ಎಲ್ಲಕ್ಕೂ ಸೋಲಾರ್ ಕೊಡಲು ಹೋಗಬಾರದು. ಹಗಲಿಡೀ ಏಸಿ, ಫ್ರಿಜ್ ಓಡಿಸುವ ನೆಲಮಹಡಿಯ ದೊಡ್ಡ ಬಾಡಿಗೆದಾರರೊಬ್ಬರನ್ನು ಆರಿಸಿ ಅವರ ಮೀಟರಿಗೆ 10 ಕಿಲೋವ್ಯಾಟ್ ಕೊಟ್ಟೆವು. ಆರ್.ಆರ್. ನಂಬರು (ಬಿಲ್ಲಿನ ಮೇಲಿರುವ ಸಂಪರ್ಕದ ನಂಬರು) ಮಾಲೀಕರ ಹೆಸರಿನಲ್ಲೇ ಇರಬೇಕು, ಇಲ್ಲದಿದ್ದರೆ ಬಾಡಿಗೆದಾರರು ಬದಲಾದಾಗ ನೆಟ್ ಮೀಟರಿಂಗ್ (ಮಿಕ್ಕ ಸೋಲಾರ್ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಲೆಕ್ಕ ಹಿಡಿಸುವ ಏರ್ಪಾಡು) ಕಾಗದಗಳನ್ನು ಮತ್ತೆ ಮೊದಲಿನಿಂದ ಮಾಡಿಸಬೇಕು. ವರ್ಷಕ್ಕೆ ಸುಮಾರು 13,900 ಯೂನಿಟ್, ಅಂದರೆ 97,000 ರೂಪಾಯಿ, ತಿಂಗಳಿಗೆ 8,000. ಇದರಲ್ಲಿ 5,000 ಬಾಡಿಗೆಗೆ ಸೇರುತ್ತದೆ, 3,000 ಬಾಡಿಗೆದಾರರಿಗೆ ಉಳಿಯುತ್ತದೆ. ಹಾಕಿದ 5.5 ಲಕ್ಷಕ್ಕೆ ಮಾಲೀಕರಿಗೆ ವರ್ಷಕ್ಕೆ 60,000, ಹತ್ತಿರ ಹತ್ತಿರ ಶೇ 11.

ಹೀಗೆ ನಡೆಯಬೇಕಾದರೆ ಊರೆಲ್ಲ ಮಾಡಿಕೊಳ್ಳುವ ಹನ್ನೊಂದು ತಿಂಗಳ ಕರಾರು ಸಾಲದು. ಹನ್ನೆರಡನೇ ತಿಂಗಳು ಬಾಡಿಗೆದಾರರು ಎದ್ದುಹೋದರೆ ಒಪ್ಪಿದ 5,000ವೂ ಅವರ ಜೊತೆ ಹೋಯಿತು. ಕನಿಷ್ಠ ಐದು ವರ್ಷದ ಕರಾರು, ಅದರಲ್ಲಿ ಮೂರು ವರ್ಷ ಲಾಕ್-ಇನ್, ಅಂದರೆ ನಡುವೆ ಬಿಟ್ಟುಹೋಗುವಂತಿಲ್ಲದ ಅವಧಿ, ಬೇಕು. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚಿಗೆ ಹಿಂಜರಿದು ಸೋಲಾರನ್ನೇ ಕೈಬಿಟ್ಟ ಮಾಲೀಕರು ಇದ್ದಾರೆ, ಅವರ ಲೆಕ್ಕವೂ ತಪ್ಪೆನ್ನಲಾಗದು. ತೆರಿಗೆಯ ಆಸೆಯನ್ನೂ ಬಿಡುವುದು ಒಳ್ಳೆಯದು. ಮಾರುವವರು ತೋರಿಸುವ ಶೇ 40 ಸವಕಳಿ (ಹಾಕಿದ ಹಣದಲ್ಲಿ ವರ್ಷ ವರ್ಷ ಆದಾಯದಿಂದ ಕಳೆದು ತೋರಿಸುವ ಪಾಲು) ವ್ಯಾಪಾರದ ಆದಾಯ ತೋರಿಸುವವರಿಗೆ. ಬಾಡಿಗೆಯನ್ನು ಮನೆ ಆಸ್ತಿಯ ಆದಾಯವಾಗಿ ತೋರಿಸುವವರಿಗೆ ಶೇ 30ರ ಒಟ್ಟು ಕಡಿತದಲ್ಲೇ ಎಲ್ಲವೂ ಮುಗಿಯಿತು.

ಮಳೆನೀರಿನ ಲೆಕ್ಕ ಸಲೀಸು. 3,000 ಚದರಡಿ ಎಂದರೆ 279 ಚದರ ಮೀಟರ್. ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಲ್ಲಿ ಶೇ 80 ಕೈಗೆ ಬಂದರೆ 2.2 ಲಕ್ಷ ಲೀಟರ್. ಶೌಚಾಲಯಕ್ಕೆ ದಿನಕ್ಕೆ 2,000 ಲೀಟರ್ ಬೇಕಾಗುವಲ್ಲಿ 20,000 ಲೀಟರಿನ ಸಂಪು ಹತ್ತು ದಿನಕ್ಕಾಯಿತು. ಮಿಕ್ಕದ್ದು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ. ಎಡವುವುದು ಮೊದಲ ಮಳೆಯ ಕೊಳೆನೀರಿನಲ್ಲಿ. ಮೊದಲ ಒಂದೂವರೆ ಮಿಲಿಮೀಟರನ್ನು ಹೊರಗೆ ಬಿಡಬೇಕು, ಅಂದರೆ 400 ಲೀಟರಿಗಿಂತ ಸ್ವಲ್ಪ ಹೆಚ್ಚು. ಕೆಲಸದವರು ಮೂರಡಿ ಪೈಪಿಗೆ ಮುಚ್ಚಳ ಹಾಕಿ ಆಯಿತು ಎನ್ನುತ್ತಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಹಿಡಿಸುವುದು ಎಂಟೇ ಲೀಟರು! ಪಾರಿವಾಳದ ಹಿಕ್ಕೆಯೆಲ್ಲ ಸಂಪಿಗೆ ಇಳಿದು ವಾರದಲ್ಲಿ ನೀರು ನಾರುತ್ತದೆ. ನಾಲ್ಕು ಇಳಿಪೈಪಿಗೆ 200 ಲೀಟರಿನ ಎರಡು ಡ್ರಮ್ ಇಟ್ಟು, ತಳದ ನಲ್ಲಿಯನ್ನು ಹನಿಹನಿಯಾಗಿ ಸುರಿಯುವಷ್ಟು ತೆರೆದಿಟ್ಟರೆ ಮುಂದಿನ ಮಳೆಗೆ ತಾವೇ ಖಾಲಿಯಾಗಿರುತ್ತವೆ.

ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ನಾವು ಹಣ ಹಾಕಲಿಲ್ಲ. ಬೆಂಗಳೂರಿನ ಕಂಪನಿಗಳು ಕೇಳುತ್ತವೆ. ಇಲ್ಲಿ ಬರುವವರು ಕೇಳುವುದು ಪಾರ್ಕಿಂಗ್ ಇದೆಯೇ, ನೀರಿದೆಯೇ ಎಂದು. ಮುಂಭಾಗಕ್ಕೆ ಪೂರ್ತಿ ಗಾಜು ಹೊದಿಸುವ ಹುಚ್ಚು ಮಾತ್ರ ಬೇಡ. ಏಪ್ರಿಲ್‌ನಲ್ಲೂ ಕಿಟಕಿ ತೆರೆದು ಫ್ಯಾನು ಹಾಕಿದರೆ ಕೆಲಸ ನಡೆಯುವ ಊರಿನಲ್ಲಿ, ತೆರೆಯಲಾಗದ ಗಾಜು ಹಾಕಿ ಏಸಿಯನ್ನು ನಾವೇ ಕರೆತಂದಂತಾಗುತ್ತದೆ.

ಕರಾರಿನಲ್ಲಿ ಕೊನೆಗೆ ಸೇರಿಸಿದ ಸಾಲು ಪ್ಯಾನೆಲ್ ತೊಳೆಯುವವರು ಯಾರು ಎಂಬುದು. ಜನವರಿಯಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಎಂಟರೊಳಗೆ, ಬರೀ ನೀರು ಮತ್ತು ಮೆತ್ತನೆ ಬಟ್ಟೆ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚುವಂತಿಲ್ಲ. ಕೆಲಸ ವಾಚ್‌ಮನ್‌ನದು, ಕೂಲಿ ಬಾಡಿಗೆದಾರರದ್ದು.