ಬಳ್ಳಾರಿ ಜಾಲಿ ಕೆಂಡದ ಮೇಲೆ ಖಾರದ ಚಿಕನ್ ಕಡ್ಡಿ

ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಕೆಂಡ ಮಾಡಿ ಅಂದರೆ ನಗ್ತೀರಿ, ಗೊತ್ತು. ಹೊರಗೇ 42 ಡಿಗ್ರಿ ಇರುವಾಗ ಇನ್ನೊಂದು ಒಲೆ ಯಾಕಪ್ಪ ಅಂತ. ಆದರೆ ಮಕ್ಕಳಿಗೆ ರಜೆ ಇರೋದು, ಅಕ್ಕ ಭಾವ ಊರಿಗೆ ಬರೋದು, ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮಲಗೋದು ಇದೇ ಕಾಲಕ್ಕೆ ಅಲ್ವಾ? ಒಬ್ಬರೇ ಗ್ಯಾಸ್ ಮುಂದೆ ನಿಂತು ಬೇಯುವ ಬದಲು ಅಡುಗೆಯನ್ನೇ ಮಾಳಿಗೆಗೆ ಒಯ್ದರೆ ಆಯಿತು.

ನಾನು ಮೊದಲನೇ ಸಲ ಮಾಡಿದಾಗ ಮಸಾಲೆ ಚೆನ್ನಾಗಿತ್ತು, ಬೆಂಕಿ ಕೈಕೊಟ್ಟಿತು. ಅವಸರಕ್ಕೆ ಇದ್ದಿಲಿಗೆ ಸೀಮೆಎಣ್ಣೆ ಸುರಿದೆ, ಉರಿ ಏಳುತ್ತಿರುವಾಗಲೇ ಕಡ್ಡಿ ಇಟ್ಟೆ. ಮೇಲೆ ಕರಕಲು, ಒಳಗೆ ಹಸಿ, ಬಾಯಿಗಿಟ್ಟರೆ ಲಾಟೀನು ವಾಸನೆ. ಅವತ್ತು ಹತ್ತು ಜನಕ್ಕೆ ಆಮ್ಲೆಟ್ ಹಾಕಿದ್ದೇ ಬಂತು. ಹಾಗಾಗಿ ಮೊದಲು ಬೆಂಕಿ ಮಾತು, ಆಮೇಲೆ ಕೋಳಿ.

ಇದ್ದಿಲು ಜಾಲಿಯದ್ದೇ ಇರಲಿ. ನಮ್ಮ ಕಡೆ ರಸ್ತೆ ಪಕ್ಕ, ಕೆರೆ ಅಂಗಳ, ಬೀಳು ಹೊಲ, ಎಲ್ಲಿ ನೋಡಿದರೂ ಅದೇ ಮುಳ್ಳು. ಹೆಸರು ಬಳ್ಳಾರಿ ಜಾಲಿ, ಆದರೆ ಗಿಡ ಬಂದಿದ್ದು ಅಮೆರಿಕ ಖಂಡದಿಂದ. ಹೊಲಕ್ಕೆ ನುಗ್ಗಿದರೆ ಕಿತ್ತಷ್ಟೂ ಚಿಗುರುತ್ತೆ ಅಂತ ರೈತರು ಬೈಯೋದು ಸರಿಯೇ. ಇದ್ದಿಲಿಗೆ ಮಾತ್ರ ಗಟ್ಟಿ ಆಳು, ಬೇಗ ಬೂದಿಯಾಗಲ್ಲ, ಒಂದೇ ಸಮನೆ ಕಾವು ಕೊಡುತ್ತೆ. ಅಮೆರಿಕದಲ್ಲಿ ಮಾಂಸ ಸುಡೋಕೆ ದುಡ್ಡು ಕೊಟ್ಟು ತರುವ ಮೆಸ್ಕೀಟ್ ಇದ್ದಿಲು ಇದೇ ಕುಲದ ಗಿಡದ್ದು. ನಮಗೆ ಇಸ್ತ್ರಿ ಅಂಗಡಿಯವನ ಹತ್ತಿರ ಸಿಗುತ್ತೆ. ಆರು ಜನಕ್ಕೆ ಎರಡು ಕೆಜಿ ಸಾಕು.

ಒಲೆಗೆ ದುಬಾರಿ ಗ್ರಿಲ್ ಬೇಡ. ಗಾರೆ ಕೆಲಸದ ಹಳೆಯ ಕಬ್ಬಿಣದ ಬಾಂಡ್ಲಿ ತೊಗೊಳ್ಳಿ, ಸಿಮೆಂಟು ಕೆರೆದು ತೊಳೆದು, ಒಮ್ಮೆ ಖಾಲಿಯಾಗಿ ಕೆಂಡ ಹಾಕಿ ಸುಟ್ಟುಬಿಡಿ. ನಾಲ್ಕು ಇಟ್ಟಿಗೆ ಮೇಲೆ ಕೂರಿಸಿ. ನೇರ ಮಾಳಿಗೆ ಮೇಲಿಟ್ಟರೆ ಗಾರೆ ಬಿರಿಯುತ್ತೆ, ಮನೆಯವರು ಮಾತು ಬಿಡ್ತಾರೆ. ಬಾಂಡ್ಲಿ ಅಗಲಕ್ಕಿಂತ ಮೂರ್ನಾಲ್ಕು ಇಂಚು ಉದ್ದದ ಕಬ್ಬಿಣದ ಸಲಾಕೆ ಬೇಕು, ಚಪ್ಪಟೆ ಇದ್ದರೆ ಒಳ್ಳೆಯದು. ಗುಂಡು ಸಲಾಕೆಯಲ್ಲಿ ನೀವು ತಿರುಗಿಸಿದಾಗ ಸಲಾಕೆ ತಿರುಗುತ್ತೆ, ಕೋಳಿ ಇದ್ದ ಜಾಗದಲ್ಲೇ ಇರುತ್ತೆ. ಬಿದಿರು ಕಡ್ಡಿಯಾದರೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಾಂಡ್ಲಿ ಮೇಲೆ ಸ್ಟೀಲ್ ಜಾಲರಿ ಇಟ್ಟು ಅದರ ಮೇಲೆ ಸುಡಿ. ಹಳೇ ಫ್ರಿಜ್ಜಿನ ಜಾಲರಿ ಮಾತ್ರ ಬೇಡ, ಅದರ ಲೇಪ ಕಾದರೆ ಕೆಟ್ಟ ಹೊಗೆ ಬಿಡುತ್ತೆ.

ಇನ್ನು ಕೋಳಿ. ಲೆಗ್ ಪೀಸೇ ಕೇಳಿ, ಮೂಳೆ ಬಿಡಿಸಿ ಕೊಡಲು ಹೇಳಿ. ಎದೆ ಮಾಂಸದಲ್ಲಿ ಕೊಬ್ಬು ಕಡಿಮೆ, ಎರಡು ನಿಮಿಷ ಜಾಸ್ತಿಯಾದರೆ ತೌಡು. ಆರು ಜನಕ್ಕೆ ಒಂದೂಕಾಲು ಕೆಜಿ, ಒಂದಿಂಚಿನ ತುಂಡು. ತೊಳೆದಿದ್ದರೆ ಬಟ್ಟೆಯಲ್ಲಿ ಒತ್ತಿ ಒರೆಸಿ, ನೀರಿದ್ದರೆ ಮಸಾಲೆ ಹಿಡಿಯೋದೇ ಇಲ್ಲ.

ಮಸಾಲೆಗೆ ಎರಡು ಥರದ ಮೆಣಸಿನಕಾಯಿ ಬೇಕು. ಇಲ್ಲೇ ಜಾಸ್ತಿ ಜನ ಎಡವೋದು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಬ್ಯಾಡಗಿ ಹಾಕಿದರೆ ನೋಡೋಕೆ ಕೆಂಡ, ತಿಂದರೆ ಸಪ್ಪೆ. ಬರೀ ಗುಂಟೂರು ಹಾಕಿದರೆ ಮಕ್ಕಳು ನೀರಿನ ಚೊಂಬು ಬಿಡಲ್ಲ. ನನ್ನ ಲೆಕ್ಕ 12 ಬ್ಯಾಡಗಿಗೆ 5 ಗುಂಟೂರು. ಬ್ಯಾಡಗಿಯಲ್ಲೂ ಕಡ್ಡಿ, ಡಬ್ಬಿ ಅಂತ ಎರಡಿವೆ, ಗಿಡ್ಡಗೆ ದಪ್ಪಗಿರೋ ಡಬ್ಬಿ ಸಿಕ್ಕರೆ ಬಣ್ಣ ಇನ್ನೂ ಜೋರು. ಸಿರುಗುಪ್ಪ ಕಡೆ ಮೆಣಸಿನಕಾಯಿ ಬೆಳೆಯುವ ನೆಂಟರಿದ್ದರೆ ಅಂಗಡಿ ಕಡೆ ತಲೆ ಹಾಕಲೇಬೇಡಿ.

ತೊಟ್ಟು ತೆಗೆದು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಇಪ್ಪತ್ತು ಎಸಳು ಬೆಳ್ಳುಳ್ಳಿ, ಎರಡಿಂಚು ಶುಂಠಿ, ಒಂದು ಚಮಚ ಜೀರಿಗೆ, ಎರಡು ಚಮಚ ಹುರಿದ ಧನಿಯಾ, ಮೂರು ಟೀ ಚಮಚ ಉಪ್ಪು ಹಾಕಿ ನುಣ್ಣಗೆ ರುಬ್ಬಿ, ನೀರು ಆದಷ್ಟು ಕಡಿಮೆ. ಇದಕ್ಕೆ ಒಂದು ಕಪ್ ಗಟ್ಟಿ ಮೊಸರು, ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ನೇತುಹಾಕಿ. ತೆಳು ಮೊಸರಾದರೆ ತೊಟ್ಟಿಕ್ಕಿ ಕೆಂಡ ಆರಿಸುತ್ತೆ. ಎಣ್ಣೆ ಬಿಡಬೇಡಿ. ಮೆಣಸಿನಕಾಯಿ ಬಣ್ಣ, ಖಾರ ಎರಡೂ ಕರಗೋದು ಎಣ್ಣೆಯಲ್ಲೇ. ಲಿಂಬೆ ಈಗ ಬೇಡ, ತುಂಬಾ ಹೊತ್ತು ಹುಳಿಯಲ್ಲಿದ್ದರೆ ಮಾಂಸದ ಮೇಲ್ಮೈ ಸುಣ್ಣದ ಥರ ಆಗುತ್ತೆ. ಬೆಲ್ಲವೂ ಬೇಡ, ಮೊದಲು ಕರಕಲಾಗೋದೇ ಅದು.

ಮಸಾಲೆ ಹಚ್ಚಿ ನಾಲ್ಕೈದು ಗಂಟೆ ಫ್ರಿಜ್ಜಲ್ಲೇ ಇಡಿ. ಕಟ್ಟೆ ಮೇಲೆ ಮುಚ್ಚಿಟ್ಟರೆ ಏನಾಗುತ್ತೆ ಅನ್ನೋರಿದ್ದಾರೆ. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಹಸಿ ಮಾಂಸ ಒಂದು ಗಂಟೆಗಿಂತ ಜಾಸ್ತಿ ಹೊರಗಿರಬಾರದು, ನಮ್ಮಲ್ಲಿ ರಾತ್ರಿ ಎಂಟಕ್ಕೂ ಅದಕ್ಕಿಂತ ಬಿಸಿ ಇರುತ್ತೆ. ಅಂಗಡಿಯಿಂದ ತರುವಾಗಲೂ ಅಷ್ಟೇ, ನೇರ ಮನೆಗೆ ಬನ್ನಿ, ದಾರಿಯಲ್ಲಿ ಟೀ ಕುಡಿಯುತ್ತ ನಿಲ್ಲಬೇಡಿ.

ಸಂಜೆ ಆರಕ್ಕೆ ಮಾಳಿಗೆಗೆ ನಾಲ್ಕು ಬಕೆಟ್ ನೀರು ಹೊಡೆಯಿರಿ. ಚುಸ್ ಅನ್ನುತ್ತೆ, ಮಣ್ಣಿನ ವಾಸನೆ ಬರುತ್ತೆ, ಹುಡುಗರಿಗೆ ಅದೇ ಆಟ. ಏಳಕ್ಕೆ ಒಲೆ ಹಚ್ಚಿ. ಒಣ ತೆಂಗಿನ ನಾರು, ಅದರ ಸುತ್ತ ಇದ್ದಿಲು ಗೋಪುರ, ಅಷ್ಟೇ. ಗಾಳಿ ಯಾವ ಕಡೆಯಿಂದ ಬೀಸುತ್ತೆ ನೋಡಿ, ಪಕ್ಕದ ಮನೆಯವರ ಕಿಟಕಿಗೆ ಹೊಗೆ ಹೋಗದಂಗೆ ಇಡಿ. ಮಳೆ ಬಂತು ಅಂತ ಉರಿಯೋ ಇದ್ದಿಲನ್ನು ಕೋಣೆ ಒಳಗೆ ಮಾತ್ರ ತರಬೇಡಿ, ಅದರ ಗ್ಯಾಸ್ ಜೀವ ತೆಗೆಯುತ್ತೆ.

ಆಮೇಲೆ ಕಾಯಿರಿ. ಅರ್ಧ ಗಂಟೆ ಬೇಕಾದರೂ ಆಗಲಿ. ಉರಿ ಪೂರ್ತಿ ಇಳಿದು, ಇದ್ದಿಲಿನ ಮೇಲೆ ಬಿಳಿ ಬೂದಿ ತೆಳ್ಳಗೆ ಕೂತು, ಸಂದಿಯಲ್ಲಿ ಕೆಂಪು ಕಾಣಬೇಕು. ಸಲಾಕೆ ಇಡುವ ಎತ್ತರಕ್ಕೆ ಅಂಗೈ ಹಿಡಿದು ಎಣಿಸಿ. ಮೂರು ನಾಲ್ಕು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಕಾವು ಸರಿ. ಒಂದಕ್ಕೇ ಎಳೆದರೆ ಇನ್ನೂ ಜೋರಿದೆ. ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ತೆಳ್ಳಗೆ ಬಿಡಿ. ಕೊಬ್ಬು ತೊಟ್ಟಿಕ್ಕಿ ಭಗ್ ಅಂತ ಉರಿ ಎದ್ದಾಗ ಸಲಾಕೆ ಸರಿಸೋಕೆ ಜಾಗ ಬೇಕಲ್ಲ.

ತುಂಡುಗಳ ನಡುವೆ ಕೂದಲೆಳೆಯಷ್ಟಾದರೂ ಸಂದಿ ಇರಲಿ, ಒತ್ತಿ ಪೋಣಿಸಿದರೆ ನಡುವೆ ಹಸಿ ಉಳಿಯುತ್ತೆ. ಈರುಳ್ಳಿ, ಡೊಣ್ಣಮೆಣಸಿನಕಾಯಿ ಸೇರಿಸೋದು ಫೋಟೋಗೆ ಚೆನ್ನ, ಅವು ಬೇಯುವ ಹೊತ್ತೇ ಬೇರೆ. ನಾನು ಬೇರೆ ಸಲಾಕೆಗೆ ಹಾಕ್ತೀನಿ.

ಎರಡು ನಿಮಿಷಕ್ಕೊಮ್ಮೆ ತಿರುಗಿಸಿ. ಐದಾರು ನಿಮಿಷಕ್ಕೆ ಮಸಾಲೆ ಒಣಗಿ ಅಂಟಿಕೊಳ್ಳುತ್ತೆ, ಆಗ ಶೇಂಗಾ ಎಣ್ಣೆಗೆ ಲಿಂಬೆರಸ ಬೆರೆಸಿ, ಈರುಳ್ಳಿ ಅರ್ಧ ಕತ್ತರಿಸಿ ಅದರಲ್ಲಿ ಅದ್ದಿ ಸವರಿ. ಬ್ರಷ್ಷಿಗಿಂತ ಈರುಳ್ಳಿಯೇ ಮೇಲು. ಹಸಿ ಕೋಳಿ ಇದ್ದ ಪಾತ್ರೆಯ ಮಸಾಲೆ ಸವರಬೇಡಿ. ಎಲ್ಲ ಸೇರಿ 12ರಿಂದ 15 ನಿಮಿಷ. ದಪ್ಪನೆಯ ತುಂಡು ಒಂದನ್ನು ಮುರಿದು ನೋಡಿ, ನಡುವೆ ಗುಲಾಬಿ ಬಣ್ಣ ಇರಬಾರದು. ಥರ್ಮಾಮೀಟರ್ ಇದ್ದರೆ ಊಹೆ ಬೇಡ, ಒಳಗೆ 74 ಡಿಗ್ರಿ ಬಂದರೆ ಬೆಂದಿದೆ. ಇಳಿಸಿ ಮೂರು ನಿಮಿಷ ಬಿಡಿ, ಬಿಸಿ ಸಲಾಕೆಗೆ ಬಾಯಿ ಹಾಕೋ ಹುಡುಗರನ್ನು ತಡೆಯೋದೇ ಕಷ್ಟ. ಮನೆಯಲ್ಲಿ ಬಿಸಿ ಜೋಳದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲೇ ತುಂಡುಗಳನ್ನು ಅಮುಕಿ ಸಲಾಕೆಯಿಂದ ಎಳೀತೀವಿ. ರಸವೆಲ್ಲ ರೊಟ್ಟಿಗೆ. ಜೊತೆಗೆ ಹಸಿ ಈರುಳ್ಳಿ, ಒಂದು ಕೊಡ ಮಜ್ಜಿಗೆ. ಖಾರ ನೆತ್ತಿಗೇರಿದರೆ ನೀರು ಕುಡಿದು ಪ್ರಯೋಜನ ಇಲ್ಲ, ಮಜ್ಜಿಗೆಯೇ ಇಳಿಸೋದು.

ಊಟ ಆದ ಮೇಲೂ ಕೆಂಡ ಜೀವಂತ ಇರುತ್ತೆ, ಜಾಲಿ ಅಲ್ವಾ. ಎರಡು ಬದನೆಕಾಯಿ, ನಾಲ್ಕು ಟೊಮೆಟೊ ಅದರಲ್ಲಿ ಹೂತುಬಿಡಿ, ಬೆಳಗಿನ ಚಟ್ನಿಗಾಯಿತು. ಮಲಗುವ ಮುಂಚೆ ಅವನ್ನು ತೆಗೆದು, ಬಾಂಡ್ಲಿ ಮೇಲೆ ಇನ್ನೊಂದು ಬಾಂಡ್ಲಿ ಬೋರಲು ಹಾಕಿ. ಗಾಳಿ ಸಿಗದೆ ಕೆಂಡ ಆರುತ್ತೆ, ಉಳಿದ ಇದ್ದಿಲು ಮುಂದಿನ ಭಾನುವಾರಕ್ಕೆ.