ಟೋಕಿಯೊ ಸಬ್‌ವೇ: ಬೋಗಿಯ ಸಂಖ್ಯೆ ಹಿಡಿದು ದಾರಿ ಕಂಡುಕೊಂಡ ನನ್ನ ಅನುಭವ

ನಿಶಿ-ಕಸಾಯ್‌ನಲ್ಲಿ ಮನೆ, ಕಾಮಿಯಾಚೊದಲ್ಲಿ ಕಚೇರಿ, ನಡುವೆ ಒಮ್ಮೆ ರೈಲು ಬದಲಿಸಬೇಕು. ಇಷ್ಟಕ್ಕೆ ಫೋನಿನಲ್ಲಿರುವ ಆ್ಯಪ್ ಸಾಕು, ಪ್ಲಾಟ್‌ಫಾರ್ಮಿನ ಫಲಕಗಳ ಮುಂದೆ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುವುದು ವ್ಯರ್ಥ ಎಂದು ನನಗಿಂತ ಮೊದಲು ಇಲ್ಲಿಗೆ ಬಂದ ಸಹೋದ್ಯೋಗಿಗಳು ಹೇಳುತ್ತಿದ್ದರು. ಈಗ ಅವರೇ ಹೊಸ ಜಾಗಕ್ಕೆ ಹೊರಡುವ ಮುನ್ನ ಯಾವ ಬೋಗಿ ಹತ್ತಬೇಕೆಂದು ನನ್ನನ್ನು ಕೇಳುತ್ತಾರೆ. ಪ್ರಯಾಣದರ ಕಟ್ಟುವ ಪಾಸ್ಮೊ ಕಾರ್ಡು, ಗೇಟು, ನಿಲ್ದಾಣಗಳ ಸಂಖ್ಯೆ ಇವೆಲ್ಲ ಓದುಗರಿಗೆ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ನಾನೂ ಆ್ಯಪ್ ತೋರಿಸಿದಂತೆಯೇ ಹೋಗುತ್ತಿದ್ದೆ. ಅದು ಮೊನ್ಜೆನ್-ನಾಕಾಚೊದಲ್ಲಿ ಇಳಿಸಿ, ಓಎದೊ ಮಾರ್ಗ ಹತ್ತಿಸಿ, ಅಕಾಬಾನೆಬಾಶಿಯಿಂದ ನಡೆಸುತ್ತಿತ್ತು. ನಿಶಿ-ಕಸಾಯ್‌ನಿಂದ ನಾನು ಹತ್ತುವ ತೋಜಾಯ್ ಮಾರ್ಗ ಟೋಕಿಯೊ ಮೆಟ್ರೊ ಸಂಸ್ಥೆಯದ್ದು, ಓಎದೊ ತೊಯೇಯ್ ಎಂಬ ಇನ್ನೊಂದು ಸಂಸ್ಥೆಯದ್ದು. ಎರಡೂ ಸಂಸ್ಥೆಗಳ ದರ ಕೂಡಿ 70 ಯೆನ್ ರಿಯಾಯಿತಿ ಕಳೆದರೂ ಒಂದು ಕಡೆಗೆ ಸುಮಾರು 330 ಯೆನ್ ಆಗುತ್ತಿತ್ತು. ಕಾಯಾಬಾಚೊದಲ್ಲಿ ಹಿಬಿಯಾ ಮಾರ್ಗಕ್ಕೆ ಬದಲಿಸಿದರೆ ಪೂರ್ತಿ ಪ್ರಯಾಣ ಮೆಟ್ರೊದಲ್ಲೇ ಮುಗಿದು ಸುಮಾರು 250 ಯೆನ್‌ಗೆ ಸರಿಹೋಗುತ್ತದೆ. ಕಚೇರಿಗೆ ಓಡಾಡುವ ಪಾಸು ಕೈಗೆ ಬರುವವರೆಗೆ ಈ ವ್ಯತ್ಯಾಸ ನನ್ನ ಜೇಬಿನಿಂದಲೇ ಹೋಯಿತು. ತಿಂಗಳಿಗೆ ಲೆಕ್ಕ ಹಾಕಿದರೆ ಮೂರು ಸಾವಿರ ಯೆನ್‌ಗಿಂತ ಹೆಚ್ಚು. ಸಾಲದೆಂಬಂತೆ, 2000ನೇ ಇಸವಿಯಲ್ಲಿ ಪೂರ್ಣಗೊಂಡ ಓಎದೊ ಮಾರ್ಗವು ಹಳೆಯ ಸುರಂಗಗಳ ಅಡಿಯಲ್ಲಿ ಹಾಯಬೇಕಾಗಿದ್ದರಿಂದ ಬಹಳ ಆಳದಲ್ಲಿದೆ. ಅದರ ರೊಪ್ಪೊಂಗಿ ನಿಲ್ದಾಣವಂತೂ ನೆಲದಿಂದ ಸುಮಾರು 42 ಮೀಟರ್ ಕೆಳಗಿದೆ. ರೈಲಿನಲ್ಲಿ ಉಳಿಸಿದ ನಿಮಿಷಗಳು ಎಸ್ಕಲೇಟರ್‌ಗಳಲ್ಲಿ ಕಳೆದುಹೋಗುತ್ತಿದ್ದವು.

ಇನ್ನೊಂದು ತೊಡಕು ಕೈಸೊಕು, ಅಂದರೆ ವೇಗದ ರೈಲು. ಶನಿವಾರ ಹಗಲಿನಲ್ಲಿ ಮೊದಲು ಬಂದದ್ದನ್ನು ಹತ್ತಿದರೆ ಅದು ತೊಯೊಚೊ ಬಿಟ್ಟ ಮೇಲೆ ನಮ್ಮ ನಿಶಿ-ಕಸಾಯ್‌ನಲ್ಲೂ ಕಸಾಯ್‌ನಲ್ಲೂ ನಿಲ್ಲದೆ ನೇರವಾಗಿ ಉರಾಯಾಸುವಿಗೆ ಒಯ್ಯುತ್ತದೆ. ಮನೆಯ ನಿಲ್ದಾಣ ಕಿಟಕಿಯಾಚೆ ಹಾದುಹೋಗುವುದನ್ನು ಕಂಡ ಮೇಲೆ, ಮಾರ್ಗದ ಬಣ್ಣವನ್ನಷ್ಟೇ ನೋಡಿ ಹತ್ತುವ ಪದ್ಧತಿಯನ್ನು ಬಿಟ್ಟೆ.

ನನ್ನ ವಿಧಾನಕ್ಕೆ ಆಧಾರ ಪ್ಲಾಟ್‌ಫಾರ್ಮಿನಲ್ಲಿರುವ ಒಂದು ಫಲಕ. ಮುಂದಿನ ಪ್ರತಿ ನಿಲ್ದಾಣದಲ್ಲಿ ಎಷ್ಟನೆಯ ಬೋಗಿಯ ಎದುರಿಗೆ ಮೆಟ್ಟಿಲು, ಲಿಫ್ಟು, ಬೇರೆ ಮಾರ್ಗದ ದಾರಿ ಬರುತ್ತದೆ ಎಂಬುದನ್ನು ಅದು ಚೌಕಗಳಲ್ಲಿ ತೋರಿಸುತ್ತದೆ. ಹೊಸಬರು ಅದನ್ನು ಜಾಹೀರಾತೆಂದು ತಿಳಿದು ದಾಟಿಹೋಗುತ್ತಾರೆ. ಈ ಬಗೆಯ ನಕ್ಷೆಯನ್ನು ಮೊದಲು ರೂಪಿಸಿದವರು ಫುಕುಯಿ ಯಾಸುಯೊ ಎಂಬ ಗೃಹಿಣಿ. ಮಗುವಿನ ತಳ್ಳುಗಾಡಿಯೊಂದಿಗೆ ಓಡಾಡುವ ಕಷ್ಟವನ್ನು ಸ್ವತಃ ಕಂಡು, ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆದು ಅವರು ವಿವರ ಕಲೆಹಾಕಿದರು. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ.

ಫಲಕದಲ್ಲಿ ಕಂಡದ್ದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ: ಹತ್ತುವ ನಿಲ್ದಾಣ ಟಿ 16 (ತೋಜಾಯ್ ಮಾರ್ಗದ ನಿಶಿ-ಕಸಾಯ್), ರೈಲಿನ ಕೊನೆಯ ನಿಲ್ದಾಣದ ಹೆಸರು, ಬೋಗಿ ಮತ್ತು ಬಾಗಿಲಿನ ಸಂಖ್ಯೆ, ಇಳಿಯುವ ನಿಲ್ದಾಣ ಎಚ್ 05 (ಹಿಬಿಯಾ ಮಾರ್ಗದ ಕಾಮಿಯಾಚೊ), ಕಡೆಗೆ ಹಳದಿ ಫಲಕದ ಹೊರದ್ವಾರದ ಸಂಖ್ಯೆ. ಬೋಗಿ, ಬಾಗಿಲುಗಳ ಸಂಖ್ಯೆ ಕಾಲಡಿಯ ನೆಲದ ಮೇಲೆಯೇ ಬರೆದಿರುತ್ತದೆ, ರೈಲು ಸರಿಯಾಗಿ ಅಲ್ಲೇ ಬಂದು ನಿಲ್ಲುತ್ತದೆ. ತೋಜಾಯ್‌ನಲ್ಲಿ ಹತ್ತು ಬೋಗಿಗಳು, ಹಿಬಿಯಾದಲ್ಲಿ ಏಳು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಬೋಗಿಯನ್ನು ಗುರುತಿಸಿಕೊಳ್ಳಬೇಕು. ಹೊರದ್ವಾರವನ್ನಂತೂ ಬಿಡಲೇಬಾರದು. ಐದು ಮಾರ್ಗಗಳು ಸೇರುವ ಓತೆಮಾಚಿಯಂಥ ಕಡೆ ಬೇರೆ ದ್ವಾರದಿಂದ ಮೇಲೆ ಬಂದರೆ ಹತ್ತು ನಿಮಿಷ ಹೋದಂತೆಯೇ.

ಕಾಯಾಬಾಚೊದಲ್ಲಿ ಬಾಗಿಲು ತೆರೆದಾಗ ಮೆಟ್ಟಿಲು ಎದುರಿಗೇ ಇರುತ್ತದೆ. ಹಿಂದಿನ ಬೋಗಿಗಳ ಜನ ಪ್ಲಾಟ್‌ಫಾರ್ಮ್ ಪೂರ್ತಿ ತುಂಬಿಕೊಳ್ಳುವ ಮೊದಲೇ ನಾನು ಹಿಬಿಯಾ ಮಾರ್ಗದ ಸಾಲಿನಲ್ಲಿ ನಿಂತಿರುತ್ತೇನೆ. ಮೊದಲು ಐದಾರು ನಿಮಿಷ ಹಿಡಿಯುತ್ತಿದ್ದ ಬದಲಾವಣೆ ಈಗ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಆ ಬಾಗಿಲು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೆಳಗಿನ ಎಂಟು ಗಂಟೆಯ ದಟ್ಟಣೆಯಲ್ಲಿ ಅಲ್ಲಿ ಇನ್ನಷ್ಟು ಜನ ನಿಲ್ಲುವುದು ನನಗೆ ಬೇಡ. ಫಲಕ ಎಲ್ಲರ ಕಣ್ಣೆದುರಿಗೇ ಇದೆ.

ನಡುವೆ ನಿಹೊಂಬಾಶಿಯಲ್ಲಿ ಗಿನ್ಜಾ ಮಾರ್ಗಕ್ಕೆ ಬದಲಿಸಿ, ತೊರಾನೊಮೊನ್‌ನಲ್ಲಿ ಇಳಿದು ನಡೆದುಹೋಗುವ ಪ್ರಯೋಗವನ್ನೂ ಮಾಡಿದೆ. 1927ರಲ್ಲಿ ಶುರುವಾದ ಈ ಮಾರ್ಗ ಹೆಚ್ಚಿನ ಕಡೆ ರಸ್ತೆಯ ಸ್ವಲ್ಪವೇ ಕೆಳಗೆ ಓಡುವುದರಿಂದ ಹತ್ತಿಳಿಯುವುದು ಸುಲಭ. ಸಮಯವೇನೂ ಉಳಿಯಲಿಲ್ಲ, ಆದರೆ ಕೈಯಲ್ಲಿ ಭಾರದ ಸಾಮಾನಿದ್ದ ದಿನ ಈಗಲೂ ಆ ದಾರಿಯನ್ನೇ ಹಿಡಿಯುತ್ತೇನೆ. ಸಂಜೆ ಮರಳುವಾಗಿನ ಬೋಗಿಯ ಲೆಕ್ಕ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ನಿಶಿ-ಕಸಾಯ್‌ನಲ್ಲಿ ಮೆಟ್ಟಿಲಿಗೆ ಹತ್ತಿರವಾದ ಬೋಗಿಯೇ ಎಲ್ಲಕ್ಕಿಂತ ಕಿಕ್ಕಿರಿದಿರುತ್ತದೆ, ಆದ್ದರಿಂದ ಸದ್ಯ ಅದಕ್ಕಿಂತ ಎರಡು ಬೋಗಿ ಆಚೆ ಹತ್ತಿ ನೋಡುತ್ತಿದ್ದೇನೆ.